ತೊಟ್ಟಿಯೊಳಗಿನ ಕಡಲಹಾವು

ಪುತ್ತಿಗೆಯ ಕಡೆಯ ಒಂದು ಚಿಕ್ಕ ಹೆಣ್ಣುಮಕ್ಕಳ ಶಾಲೆಗೆ ನಾನು ಟೀಚರಾಗಿ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು; ನಮ್ಮ ಕಡೆಗೆ ಇನ್ನೂ ಮದ್ರಾಸಿನ ಆಡಳಿತ. ಶಾಲೆಯಲ್ಲಿ ಕಲಿಸುವವರು ನಾವಿಬ್ಬರೇ, ನಾನು ಮತ್ತು ನಿವೃತ್ತಿಗೆ ಹತ್ತಿರವಾಗಿದ್ದ ಹೆಡ್ಮಾಸ್ಟ್ರು. ಲೆಕ್ಕ, ವ್ಯಾಕರಣ ಅವರದ್ದು. ಉಳಿದದ್ದೆಲ್ಲ ನನ್ನದು. ಆ ಉಳಿದದ್ದರಲ್ಲಿ ಪ್ರಾಣಿಗಳ ಪಾಠವೂ ಇತ್ತು. ನಮ್ಮ ಪುಸ್ತಕದಲ್ಲಿ ತಿಮಿಂಗಿಲದ ಚಿತ್ರವೂ ಬೂತಾಯಿ ಮೀನಿನ ಚಿತ್ರವೂ ಒಂದೇ ಅಳತೆಯಲ್ಲಿದ್ದವು. ಐದನೆಯ ತರಗತಿಯ ಹತ್ತೊಂಬತ್ತು ಹುಡುಗಿಯರಲ್ಲಿ ಕಡಲನ್ನು ಕಂಡವರು ನಾಲ್ವರು ಮಾತ್ರ. ಕಡಲೇನೂ ದೂರವಿರಲಿಲ್ಲ, ಎರಡು ಗಂಟೆಯ ನಡಿಗೆ. ಆದರೆ ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಯಾರಿಗೆ ತೋಚುತ್ತದೆ?

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಕುಂಬಳೆ ಪೇಟೆಯ ಗೋಡೆಗಳ ಮೇಲೆ ಕೆಂಪು ಅಕ್ಷರದ ನೋಟೀಸುಗಳು ಕಾಣಿಸಿಕೊಂಡವು. ಕಾಸರಗೋಡಿಗೆ ‘ಅಕ್ವೇರಿಯಂ’ ಬಂದಿದೆ, ಜೀವಂತ ಕಡಲಪ್ರಾಣಿಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ನೋಡಬಹುದು, ಶಾಲಾ ಮಕ್ಕಳಿಗೆ ವಿಶೇಷ ಅವಕಾಶ ಎಂದು ಅದರಲ್ಲಿತ್ತು. ನಾನು ಒಂದು ನೋಟೀಸನ್ನು ಮಡಚಿ ತಂದು ಹೆಡ್ಮಾಸ್ಟ್ರ ಮೇಜಿನ ಮೇಲೆ ಬಿಡಿಸಿಟ್ಟೆ.

ಅವರು ಕನ್ನಡಕ ತೆಗೆದು ಒರೆಸಿದರು. "ರೈಲು ಉಂಟು, ಜನ ಉಂಟು, ಹತ್ತೊಂಬತ್ತು ಹೆಣ್ಣುಮಕ್ಕಳು ಉಂಟು. ಎಂತಾದರೂ ಆದರೆ?"

"ಎಂತ ಆಗ್ತದೆ ಮಾಸ್ಟ್ರೇ? ಮೀನು ನೋಡಿ ಬರುವುದು ತಾನೇ?" ಎಂದೆ.

ತಾವೂ ಜೊತೆಗೆ ಬರುವುದಾಗಿ ಹೆಡ್ಮಾಸ್ಟ್ರು ಒಪ್ಪಿದರು. ಒಂದು ವಾರ ಮನೆಮನೆಗೆ ಹೋಗಿ ಒಪ್ಪಿಗೆ ಪಡೆದೆ. ಕೊನೆಗೆ ಒಪ್ಪಿದವರು ಕಬ್ಬಿಣದ ಕೆಲಸದ ಆಚಾರಿ. ತಾಯಿಯಿಲ್ಲದ ಒಬ್ಬಳೇ ಮಗಳು ಅವರಿಗೆ. ಕುಲುಮೆಯ ತಿದಿಯ ಹಗ್ಗವನ್ನು ಬಿಡದೆ, ನನ್ನ ಮುಖವನ್ನೂ ನೋಡದೆ ಹೇಳಿದರು: "ಅವಳಿಗೆ ಹೆದರಿಕೆ ಎಂಬುದು ಇಲ್ಲ ಟೀಚರ್. ಅದೇ ನನಗೆ ಹೆದರಿಕೆ. ನಿಮ್ಮ ಕೈಯಲ್ಲಿ ಕೊಡ್ತೇನೆ."

ಒಂದು ಶನಿವಾರ ಬೆಳಿಗ್ಗೆ ಅವಲಕ್ಕಿಯ ಗಂಟುಗಳನ್ನು ಹೊತ್ತು ಕುಂಬಳೆಗೆ ನಡೆದು ರೈಲು ಹತ್ತಿದೆವು. ಮೊಗ್ರಾಲಿನ ಸೇತುವೆಯ ಮೇಲೆ ಗಾಡಿ ಗಡಗಡಿಸಿದಾಗ ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕಿರುಚಿದರು. ತೆಂಗಿನ ಮರಗಳ ಸಂದಿಯಲ್ಲಿ ಕಡಲು ಕಂಡು ಮರೆಯಾಯಿತು. ಆಚಾರಿಯ ಮಗಳು ಮಾತ್ರ ಕಿಟಕಿಯ ಸರಳು ಹಿಡಿದು ಸುಮ್ಮನೆ ನೋಡುತ್ತಿದ್ದಳು.

ಪ್ರದರ್ಶನವಿದ್ದದ್ದು ಸ್ಟೇಷನ್ನಿನ ಪಡುವಣಕ್ಕೆ, ಕಡಲ ಕಡೆಗೆ ಹೋಗುವ ದಾರಿಯಲ್ಲಿ, ಹಿಂದೆ ಕೊಬ್ಬರಿ ತುಂಬುತ್ತಿದ್ದ ಒಂದು ಹಂಚಿನ ಗೋದಾಮಿನಲ್ಲಿ. ನಮ್ಮನ್ನು ಮೊದಲು ಎದುರುಗೊಂಡದ್ದು ಅದರ ವಾಸನೆ. ಮೀನು ಮಾರುವಲ್ಲಿನ ವಾಸನೆ ನನಗೆ ಗೊತ್ತು, ಇದು ಅದಲ್ಲ. ಮುಚ್ಚಿಟ್ಟ ಪಾತ್ರೆಯನ್ನು ಬಹಳ ದಿನಗಳ ಮೇಲೆ ತೆರೆದಾಗ ಬರುವಂಥದ್ದು. ಹುಡುಗಿಯರು ಪಾವಡೆಯ ತುದಿಯಿಂದ ಮೂಗು ಮುಚ್ಚಿಕೊಂಡರು. ಬಾಗಿಲಲ್ಲಿ ಕರಿಕೋಟು ಹಾಕಿಕೊಂಡ ಮೆನೇಜರು ಇದ್ದ. "ಕಡಲಿನ ಗಾಳಿ, ಆರೋಗ್ಯಕ್ಕೆ ಒಳ್ಳೆಯದು" ಎಂದು ನಕ್ಕು ಒಳಗೆ ಬಿಟ್ಟ.

ಒಳಗೆ ಹಗಲೇ ಇರಲಿಲ್ಲ. ಕಿಟಕಿಗಳಿಗೆ ಗೋಣಿ ಹೊಡೆದು ಮುಚ್ಚಿದ್ದರು. ಎರಡು ಗ್ಯಾಸ್ ಲೈಟುಗಳು ಸುಂಯ್ ಎನ್ನುತ್ತ ಉರಿಯುತ್ತಿದ್ದವು. ಗೋಡೆಯ ಉದ್ದಕ್ಕೂ ಗಾಜಿನ ಪೆಟ್ಟಿಗೆಗಳು, ನಡುವೆ ಮೂರು ಸಿಮೆಂಟಿನ ತೊಟ್ಟಿಗಳು. ಮೊದಲ ಪೆಟ್ಟಿಗೆಯಲ್ಲಿ ಪಟ್ಟೆಪಟ್ಟೆಯ ಸಣ್ಣ ಮೀನುಗಳಿದ್ದವು. ನೀರು ಗಂಜಿಯ ತಿಳಿಯ ಹಾಗೆ ಕದಡಿತ್ತು. ಎಲ್ಲ ಮೀನುಗಳೂ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. "ಟೀಚರ್, ಅವು ಎಂತ ಹೇಳ್ತಾ ಉಂಟು?" ಎಂದು ಒಬ್ಬಳು ಕೇಳಿದಳು. ಅವಕ್ಕೆ ಉಸಿರು ಸಾಲುತ್ತಿಲ್ಲ ಎಂದು ನನಗೆ ಗೊತ್ತಾಗಿತ್ತು, ಅವಳ ಕೈಹಿಡಿದು ಮುಂದೆ ನಡೆಸಿದೆ. ಮುಂದಿನ ಪೆಟ್ಟಿಗೆಯಲ್ಲಿ ತಾಟೆ ಎನ್ನುವ ಶಾರ್ಕ್ ಮೀನಿನ ಒಂದು ಮರಿ ಮಗ್ಗುಲಾಗಿ ಬಿದ್ದುಕೊಂಡಿತ್ತು. ಕಣ್ಣು ನಮ್ಮ ಕಡೆಗೇ ಇತ್ತು. ಒಂದು ತೊಟ್ಟಿಯಲ್ಲಿ ದೊಡ್ಡ ಕಡಲಾಮೆ. ಅದು ಈಜಿ ಬಂದು ಗೋಡೆಗೆ ತಲೆ ಕುಟ್ಟಿ, ತಿರುಗಿ, ಆಚೆಯ ಗೋಡೆಗೆ ಹೋಗಿ ಮತ್ತೆ ಕುಟ್ಟುತ್ತಿತ್ತು. ಆ ದಬ್ ದಬ್ ಶಬ್ದ ನಾವು ಒಳಗಿದ್ದಷ್ಟು ಹೊತ್ತೂ ನಿಲ್ಲಲಿಲ್ಲ.

ಇವನ್ನೆಲ್ಲ ತೋರಿಸಿ ವಿವರಿಸುತ್ತಿದ್ದವನು ಒಬ್ಬನೇ ಆಳು. ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ತೆಂಕಣ ಕಡೆಯವನು, ಮಲಯಾಳ ಬೆರೆತ ಕನ್ನಡ ಮಾತಾಡುತ್ತಿದ್ದ. ಸರಕು ಸಾಗಿಸುವ ಮಂಜಿ ಹಡಗಿನಲ್ಲಿ ದುಡಿದು, ಅದನ್ನು ಬಿಟ್ಟು ಈ ಕೆಲಸಕ್ಕೆ ಬಂದವನಂತೆ. ಬೆಳಿಗ್ಗೆ ಬೆಳಿಗ್ಗೆ ಚಿಮಿಣಿ ಎಣ್ಣೆಯ ಡಬ್ಬಿಗಳಲ್ಲಿ ಕಡಲ ನೀರು ಹೊತ್ತು ತಂದು ತೊಟ್ಟಿ ತುಂಬುವುದೂ ಅವನೇ. "ಇವು ನನ್ನ ಮಕ್ಕಳು. ಒಂದೊಂದಾಗಿ ಹೋಗ್ತಾ ಉಂಟು ಟೀಚರ್, ನೀರು ಸಾಲುವುದಿಲ್ಲ" ಎಂದು ಮೆನೇಜರಿಗೆ ಕೇಳಿಸದ ಹಾಗೆ ಹೇಳಿದ. ನಮ್ಮ ಹುಡುಗಿಯರು ಏನು ಕೇಳಿದರೂ ಬೇಸರವಿಲ್ಲದೆ ಉತ್ತರ ಕೊಟ್ಟ. ಏಡಿಯ ಕಾಲು ಮುರಿದರೆ ಮತ್ತೆ ಬೆಳೆಯುತ್ತದೆ ಎಂದ. ಚಪ್ಪಟೆ ಮೈಯ ತೊರಕೆ ಮೀನಿನ ಬಾಲದಲ್ಲಿ ಮುಳ್ಳು ಎಲ್ಲಿರುತ್ತದೆಂದು ತೋರಿಸಿದ. ಅಂಥ ಮಾಸ್ಟ್ರು ನಮ್ಮ ಶಾಲೆಯಲ್ಲಿ ಇದ್ದಿದ್ದರೆ ಎಂದು ನನಗನ್ನಿಸಿತು.

ಕೊನೆಯ ತೊಟ್ಟಿಯಲ್ಲಿ ಕಡಲಹಾವುಗಳಿದ್ದವು. ಆರೋ ಏಳೋ ಇರಬೇಕು, ಒಂದರೊಳಗೊಂದು ಹೆಣೆದುಕೊಂಡು ತಳದಲ್ಲಿದ್ದವು. ಮೈ ಹಳದಿ, ಅದರ ಮೇಲೆ ಕಪ್ಪು ಬಳೆಗಳು; ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಆತ ಕವೆಯಿದ್ದ ಬಿದಿರಿನ ಕೋಲಿನಿಂದ ಒಂದನ್ನು ಎತ್ತಿದ. ನೀರಿನಿಂದ ಮೇಲೆ ಬಂದ ಕೂಡಲೇ ಅದು ಜಾರಿ ಬಿತ್ತು.

"ಹಿಂದೆ ನಿಂತವರಿಗೆ ಕಾಣಲಿಲ್ಲ. ಇನ್ನೊಂದು ಸಲ, ಸ್ವಲ್ಪ ಮೇಲೆ ಎತ್ತಿ ತೋರಿಸ್ತೀರಾ?" ಎಂದೆ ನಾನು.

ಇದನ್ನು ಹೇಳಿದವಳು ನಾನೇ. ಬೇರೆ ಯಾರೂ ಅಲ್ಲ.

ಆತ ಕೋಲನ್ನು ಗೋಡೆಗೆ ಒರಗಿಸಿ, ಅಂಗಿಯ ತೋಳು ಮಡಚಿ, ಕೈಯನ್ನೇ ಒಳಗಿಳಿಸಿದ. "ಕಚ್ಚುತ್ತದಾ?" ಎಂದು ಯಾರೋ ಕೇಳಿದರು. "ಇಲ್ಲ ಮಕ್ಕಳೇ, ಇದು ಪಾಪದ ಹಾವು. ನೀರಿನಿಂದ ಎತ್ತಿದರೆ ಇದಕ್ಕೆ ಶಕ್ತಿಯೇ ಇಲ್ಲ" ಎನ್ನುತ್ತ ಕುತ್ತಿಗೆಯ ಹತ್ತಿರ ಹಿಡಿದು ಎದೆಯ ಮಟ್ಟಕ್ಕೆ ಎತ್ತಿದ. ಹಾವು ಒದ್ದೆ ಹಗ್ಗದ ಹಾಗೆ ಜೋತುಬಿತ್ತು. "ಬಾಲ ಯಾರು ಮುಟ್ಟುತ್ತೀರಿ?" ಎಂದದ್ದೇ ತಡ, ಆಚಾರಿಯ ಮಗಳು ಮುಂದೆ ಬಂದು ಎರಡೂ ಕೈಯಲ್ಲಿ ಹಿಡಿದಳು. ಉಳಿದವರು ಹೋ ಎಂದರು. ನನಗೆ ಹೆಮ್ಮೆಯಾಯಿತು. ಅವಳ ಕೈಯಲ್ಲಿ ಹಾವು ಒಮ್ಮೆ ನುಲಿದುಕೊಂಡಿತು. ಆತ ಅದನ್ನು ನೀರಿಗೆ ಬಿಟ್ಟು, ಹೆಬ್ಬೆರಳನ್ನು ಬಾಯಿಗಿಟ್ಟು ಚೀಪಿದ.

"ಎಂತ ಆಯ್ತು?" ಎಂದು ಹೆಡ್ಮಾಸ್ಟ್ರು ಕೇಳಿದರು.

"ತೊಟ್ಟಿಯ ಸಿಮೆಂಟು ಕೆರೆಯಿತು, ಮತ್ತೆಂತ ಇಲ್ಲ" ಎಂದು ಆತ ಬೆರಳು ತೋರಿಸಿದ. ಸೂಜಿ ಚುಚ್ಚಿದಷ್ಟು ಸಣ್ಣ ಚುಕ್ಕೆ. ರಕ್ತವೂ ಇರಲಿಲ್ಲ. ನಾವು ಮುಂದೆ ಹೋದೆವು.

ಹೊರಗೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಎದುರಿನ ಹೊನ್ನೆ ಮರದ ನೆರಳಲ್ಲಿ ಕುಳಿತು ಹುಡುಗಿಯರು ಅವಲಕ್ಕಿ ಬಿಚ್ಚಿದರು. ಮೀನು ಮಾರಿ ಮುಗಿಸಿದ ಮೊಗವೀರ ಹೆಂಗಸೊಬ್ಬರು ಖಾಲಿ ಬುಟ್ಟಿ ಮಗುಚಿಟ್ಟು ಅಲ್ಲೇ ಎಲೆ ಅಡಿಕೆ ಹಾಕುತ್ತಿದ್ದರು. ಒಳಗೆ ಎಂತೆಂತ ನೋಡಿದಿರಿ ಎಂದು ಮಕ್ಕಳನ್ನು ಮಾತಾಡಿಸಿದರು. ಹಾವಿನ ಸುದ್ದಿ ಬಂತು, ಆತ ಕೈಯಲ್ಲಿ ಎತ್ತಿದ್ದೂ ಬಂತು, ಬೆರಳು ಚೀಪಿದ್ದೂ ಬಂತು. ಅವರು ಎಲೆ ಮಡಚುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಅದನ್ನು ಕೈಯಲ್ಲಿ ಹಿಡಿದನಾ? ಬಲೆಗೆ ಬಿದ್ದರೆ ನಮ್ಮವರು ಕೋಲಲ್ಲೇ ಎತ್ತಿ ಎಸೆಯುವುದು."

"ಪಾಪದ ಹಾವು ಅಂತ ಹೇಳಿದರಲ್ಲ."

"ಕಚ್ಚುವುದು ಕಡಿಮೆ ಅಮ್ಮಾ. ಆದರೆ ಕಚ್ಚಿದರೆ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಬಾವಿಲ್ಲ. ನನ್ನ ಮೈದುನನಿಗೆ ಬೆಳಿಗ್ಗೆ ಬಲೆ ಬಿಡಿಸುವಾಗ ತಾಗಿದ್ದು. ಮುಳ್ಳು ಅಂತ ಸುಮ್ಮನಿದ್ದ. ಮಧ್ಯಾಹ್ನ ಊಟಕ್ಕೆ ಕೂತವನಿಗೆ ಬಾಯಿ ತೆರೆಯಲಿಕ್ಕೆ ಆಗಲಿಲ್ಲ. ಮತ್ತೆ ಕಣ್ಣಿನ ರೆಪ್ಪೆ ಇಳಿಯಿತು."

"ಮತ್ತೆ?"

ಅವರು ಮಕ್ಕಳ ಕಡೆ ನೋಡಿದರು. "ಇವರಲ್ಲಿ ಯಾರೂ ಮುಟ್ಟಲಿಲ್ಲ ಅಲ್ವಾ?"

ನಾನು ಎದ್ದು ನಿಂತೆ. ಹತ್ತೊಂಬತ್ತು ಜನರ ಕೈಗಳನ್ನೂ ಬಿಸಿಲಿಗೆ ಹಿಡಿಸಿ ನೋಡಿದೆ. ಮುಟ್ಟಿದವಳು ಒಬ್ಬಳೇ ಎಂದು ಗೊತ್ತಿದ್ದರೂ ಎಲ್ಲರದ್ದೂ ನೋಡಿದೆ. ಆಚಾರಿಯ ಮಗಳ ಬಲ ಮಣಿಕಟ್ಟಿನ ಹತ್ತಿರ ಎರಡು ಕೆಂಪು ಚುಕ್ಕೆಗಳಿದ್ದವು, ಒಂದರ ಪಕ್ಕ ಒಂದು.

"ಇದೆಂತದ್ದು?"

"ಗೊತ್ತಿಲ್ಲ ಟೀಚರ್. ಬೆಳಿಗ್ಗೆ ಕರಂಡೆ ಕಾಯಿ ಕೊಯ್ಯಲಿಕ್ಕೆ ಪೊದೆಗೆ ಕೈ ಹಾಕಿದ್ದೆ. ಮುಳ್ಳೋ ಏನೋ."

"ಮುಳ್ಳಾ, ಹಾವಾ? ಸರಿಯಾಗಿ ನೆನಪು ಮಾಡು."

"ನನಗೆ ಎಂತದೂ ಆಗ್ಲಿಲ್ಲ ಟೀಚರ್" ಎಂದಳು. ಎಂತದೂ ಆಗದಿರುವುದೇ ಅದರ ಲಕ್ಷಣವೆಂದು ಈಗಷ್ಟೇ ಕೇಳಿದ್ದೆನಲ್ಲ.

ಹೆಡ್ಮಾಸ್ಟ್ರಿಗೆ ಮಕ್ಕಳನ್ನು ಒಪ್ಪಿಸಿ, ಅವಳನ್ನು ಕೈಹಿಡಿದುಕೊಂಡು ಗೋದಾಮಿಗೆ ಓಡಿದೆ. ಆತ ಆಮೆಯ ತೊಟ್ಟಿಗೆ ಒರಗಿ ನಿಂತಿದ್ದ. ಬೇರೆ ಯಾರಿಗೋ ವಿವರಿಸುತ್ತಿದ್ದ. ಮಾತು ಮಾತ್ರ ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವನ ಹಾಗೆ ದಪ್ಪ ದಪ್ಪವಾಗಿ ಬರುತ್ತಿತ್ತು. ಗ್ಯಾಸ್ ಲೈಟಿನ ಬೆಳಕಿನಲ್ಲಿ ಅವನ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿದ್ದುದು ಕಂಡಿತು. ನೋಡುವವರು ನಗುತ್ತಿದ್ದರು, ಕುಡಿದಿದ್ದಾನೆಂದು ಭಾವಿಸಿ.

"ನಿಮಗೆ ಹಾವು ಕಚ್ಚಿದೆ. ಆಸ್ಪತ್ರೆಗೆ ಹೋಗಬೇಕು" ಎಂದೆ.

ಆತ ತಲೆಯಾಡಿಸಿದ. "ಮೈಕೈ ನೋವು ಟೀಚರ್. ನೀರು ಹೊತ್ತದ್ದು."

ಮೆನೇಜರು ಬಂದ. "ಎಂತದು ಗಲಾಟೆ? ಅವನಿಗೆ ನಿದ್ದೆ ಇಲ್ಲ, ಅಷ್ಟೇ. ಶನಿವಾರ ಜನ ಬರುವ ಹೊತ್ತು, ಸುಮ್ಮನೆ ಹೆದರಿಸಬೇಡಿ" ಎಂದ. ನಾನು ಜೀವಮಾನದಲ್ಲಿ ಅದುವರೆಗೆ ಗಂಡಸರೆದುರು ದನಿ ಎತ್ತಿದವಳಲ್ಲ. ಆ ದಿನ ಎತ್ತಿದೆ. ಏನು ಹೇಳಿದೆನೋ ನೆನಪಿಲ್ಲ. ಜನ ಸುತ್ತ ಸೇರಿದ್ದು, ಆ ಮೀನಿನ ಹೆಂಗಸು ಒಳಗೆ ಬಂದು ಆತನ ಗಲ್ಲ ಹಿಡಿದು "ಬಾಯಿ ತೆರಿ ನೋಡುವ" ಎಂದದ್ದು, ಆತ ಪ್ರಯತ್ನಪಟ್ಟರೂ ಹಲ್ಲಿನ ಸಂದಿಯಲ್ಲಿ ಒಂದು ಬೆರಳು ಹೋಗುವಷ್ಟೂ ತೆರೆಯದೆ ಹೋದದ್ದು ನೆನಪಿದೆ. ಆಗ ಆತನ ಕಣ್ಣಿನಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ನಗುತ್ತಿದ್ದವರು ಹಿಂದೆ ಸರಿದು ದಾರಿ ಬಿಟ್ಟರು. ಆಮೆ ತಲೆ ಕುಟ್ಟುತ್ತಲೇ ಇತ್ತು.

ಜಟಕಾ ತರಿಸಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಆತನನ್ನು ಬಹಳ ಹೊತ್ತು ಪರೀಕ್ಷಿಸಿ, ಮಂಚದಲ್ಲಿ ಮಲಗಿಸಿ, ನನ್ನನ್ನು ವೆರಾಂಡಕ್ಕೆ ಕರೆದರು. "ನಾಗರಹಾವಿಗೆ ಇಂಜೆಕ್ಷನ್ ಉಂಟಮ್ಮ. ಇದಕ್ಕೆ ನನ್ನ ಹತ್ತಿರ ಇಲ್ಲ. ಎಲ್ಲಿಯೂ ಇದ್ದದ್ದು ನನಗೆ ಗೊತ್ತಿಲ್ಲ. ಮೈಯೇ ಅದನ್ನು ಗೆಲ್ಲಬೇಕು." ಆಮೇಲೆ ಹುಡುಗಿಯ ಮಣಿಕಟ್ಟನ್ನು ಭೂತಗನ್ನಡಿಯಲ್ಲಿ ನೋಡಿದರು. ಮುಳ್ಳಿನ ಹಾಗೆ ಕಾಣುತ್ತದೆ, ಖಂಡಿತ ಹೇಳಲಾಗದು, ನಾಲ್ಕು ಗಂಟೆಯವರೆಗೆ ಇಲ್ಲೇ ಕೂರಿಸಿ ಎಂದರು. ರೆಪ್ಪೆ ಇಳಿದರೆ, ಮಾತು ತೊದಲಿದರೆ, ಮೂತ್ರ ಚಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ತಿಳಿಸಬೇಕೆಂದರು.

ಬೆಂಚಿನ ಮೇಲೆ ಅವಳನ್ನು ಕೂರಿಸಿಕೊಂಡು ಎರಡೂವರೆ ಗಂಟೆ ಕಳೆದೆ. ಮಗ್ಗಿ ಹೇಳಿಸಿದೆ. ಬಾಯಿ ತೆರೆಸಿದೆ. ಕಣ್ಣು ಅಗಲಿಸಲು ಹೇಳಿದೆ. ಹದಿಮೂರರ ಮಗ್ಗಿಯಲ್ಲಿ ಅವಳು ಒಮ್ಮೆ ತಡವರಿಸಿದಾಗ ಮತ್ತೊಮ್ಮೆ ಬಾಯಿ ತೆರೆಸಿ ನೋಡಿದೆ. ಅವಳಿಗೆ ಹದಿಮೂರರ ಮಗ್ಗಿ ಯಾವಾಗಲೂ ಬರುತ್ತಿರಲಿಲ್ಲ. ಒಳಗಿನಿಂದ ಆತ ನರಳುವುದು ಕೇಳಿಸುತ್ತಿತ್ತು. ಬಾಯಿ ತೆರೆಯಲಾಗದವನ ನರಳಾಟ ಮೂಗಿನಿಂದ ಬರುತ್ತದೆ. ಅವಳು ಅದನ್ನು ಕೇಳುತ್ತ ಕೇಳುತ್ತ ಮೊದಲ ಬಾರಿಗೆ ನನ್ನ ಸೆರಗು ಹಿಡಿದುಕೊಂಡಳು.

"ಟೀಚರ್, ಅವರು ಸಾಯ್ತಾರಾ?"

"ಇಲ್ಲ" ಎಂದೆ.

"ನಾನು?"

ಅವಳನ್ನು ಅಪ್ಪಿಕೊಂಡೆ.

ನಾಲ್ಕು ಗಂಟೆಗೆ ಡಾಕ್ಟರು ಮತ್ತೆ ನೋಡಿ, ಕರೆದುಕೊಂಡು ಹೋಗಿ, ಸಂಜೆಯವರೆಗೆ ಕಣ್ಣಿಟ್ಟಿರಿ ಎಂದರು. ಹೊರಡುವ ಮೊದಲು ಆತನ ಮಂಚದ ಹತ್ತಿರ ಹೋದೆ. ಎರಡೂ ರೆಪ್ಪೆಗಳು ಮುಚ್ಚಿದಂತಿದ್ದವು, ಆದರೆ ಎಚ್ಚರವಿತ್ತು. ನನ್ನ ದನಿ ಕೇಳಿ ಕತ್ತು ಹೊರಳಿಸಲು ನೋಡಿದ. ಆಗಲಿಲ್ಲ. ಕೈ ಎತ್ತಿ ಮಂಚದಿಂದ ಒಂದು ಮೊಳ ಮೇಲೆ ತೋರಿಸಿದ, ಸಣ್ಣ ಮಕ್ಕಳ ಎತ್ತರ ತೋರಿಸುವ ಹಾಗೆ. ಹುಡುಗಿಯನ್ನು ಕೇಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. "ಅವಳಿಗೆ ಏನೂ ಆಗಿಲ್ಲ" ಎಂದೆ. ಕೈ ಕೆಳಗಿಳಿಯಿತು.

ಸಂಜೆಯ ರೈಲು ಹತ್ತಿದೆವು. ಬಂದಾಗ ಕಿರುಚಿದ್ದ ಸೇತುವೆಯ ಮೇಲೆ ಹುಡುಗಿಯರು ಕಲ್ಲಿನ ಹಾಗೆ ಕುಳಿತಿದ್ದರು. ಆಚಾರಿಯ ಮಗಳು ನನ್ನ ಭುಜಕ್ಕೆ ಒರಗಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳ ಕಣ್ಣು ಮುಚ್ಚುತ್ತಿದೆ. ತೆರೆಯುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ. ನಾನು ಅವಳ ಭುಜ ಹಿಡಿದು ಅಲುಗಾಡಿಸಿದೆ. ಏಳಲಿಲ್ಲ. ಕೆನ್ನೆಗೆ ಹೊಡೆದೆ. ಡಬ್ಬಿಯ ಜನರೆಲ್ಲ ತಿರುಗಿ ನೋಡಿದರು. ಹೆಡ್ಮಾಸ್ಟ್ರು ಎದ್ದು ಬಂದರು.

"ಬಾಯಿ ತೆರಿ! ನಿನ್ನ ಅಪ್ಪನ ಹೆಸರು ಹೇಳು!" ಎಂದು ಕೂಗಿದೆ.

ಅವಳು ಕಣ್ಣು ಬಿಟ್ಟು, ಬಾಯಿಯಿಡೀ ತೆರೆದು ಅಳತೊಡಗಿದಳು. "ನಿದ್ದೆ ಬಂತು ಟೀಚರ್, ಯಾಕೆ ಹೊಡೀತೀರಿ?" ಬಾಯಿ ಪೂರ್ತಿ ತೆರೆದಿತ್ತು. ಕಿರುನಾಲಗೆಯವರೆಗೆ ಕಾಣುತ್ತಿತ್ತು. ನಾನೂ ಅವಳ ಜೊತೆ ಅತ್ತೆ, ಎಲ್ಲರೆದುರು.

ಅವಳನ್ನು ಮನೆಗೆ ಮುಟ್ಟಿಸಿ ಅವಳಪ್ಪನಿಗೆ ಒಂದೂ ಮುಚ್ಚಿಡದೆ ಹೇಳಿದೆ. ಅವರು ಬೈಯಲಿಲ್ಲ. ಮಗಳ ಕೈಯನ್ನು ಕುಲುಮೆಯ ಬೆಳಕಿಗೆ ಹಿಡಿದು, ಉಗುರಿನ ತುದಿಯಿಂದ ಒತ್ತಿ, ಒಂದು ಚುಕ್ಕೆಯೊಳಗಿಂದ ಕರಂಡೆ ಮುಳ್ಳಿನ ಮೊನೆ ಹೊರಗೆ ತೆಗೆದರು. ಅದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, "ಇನ್ನು ನೀವು ಮನೆಗೆ ಹೋಗಿ" ಎಂದರು. ಆ ವರ್ಷ ಮುಗಿದ ಮೇಲೆ ಅವಳನ್ನು ಶಾಲೆಗೆ ಕಳಿಸಲಿಲ್ಲ.

ಆತ ಮೂರನೆಯ ದಿನ ತೀರಿಕೊಂಡ. ಕಾಸರಗೋಡಿಗೆ ಹೋಗಿ ಬಂದ ಅಂಚೆಯವನಿಂದ ಸುದ್ದಿ ಗೊತ್ತಾಯಿತು. ಮುಂದಿನ ಶನಿವಾರ ಹೆಡ್ಮಾಸ್ಟ್ರೂ ನಾನೂ ಹೋದೆವು. ಗೋದಾಮು ಖಾಲಿಯಾಗಿತ್ತು. ಮೆನೇಜರು ಗಾಜಿನ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಸಿ ಹೋಗಿಯಾಗಿತ್ತು. ತೊಟ್ಟಿಗಳಲ್ಲಿ ಗೇಣು ನೀರು ಹಸಿರಾಗಿ ನಿಂತಿತ್ತು. ಬಾಗಿಲಲ್ಲಿ ಆತನ ಹೆಂಡತಿ ಒಂದು ಟ್ರಂಕಿನ ಮೇಲೆ ಕುಳಿತಿದ್ದಳು, ಊರಿನ ರೈಲಿಗೆ ಕಾಯುತ್ತ. ಮೂವತ್ತು ದಾಟಿರದ ಹೆಂಗಸು. ಹೆಡ್ಮಾಸ್ಟ್ರಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು, ನಾವು ಯಾರೆಂದು ತಿಳಿಸಿದರು.

ಅವಳು ನನ್ನನ್ನು ನೋಡಿ ಏನೋ ಕೇಳಿದಳು. ಹೆಡ್ಮಾಸ್ಟ್ರು ಕನ್ನಡದಲ್ಲಿ ಹೇಳಿದರು: "ಅವರು ಯಾವಾಗಲೂ ಕೋಲಿನಲ್ಲೇ ಎತ್ತುತ್ತಿದ್ದದ್ದಂತೆ. ಆ ದಿನ ಕೈ ಯಾಕೆ ಹಾಕಿದರು ಅಂತ ಕೇಳ್ತಾಳೆ."

"ಮಕ್ಕಳಿಗೆ ಚೆನ್ನಾಗಿ ಕಾಣಲಿ ಅಂತ" ಎಂದೆ.

ಹೆಡ್ಮಾಸ್ಟ್ರು ಹಾಗೆಯೇ ಹೇಳಿದರು. ಎತ್ತಿ ತೋರಿಸಿ ಎಂದು ನಾನು ಕೇಳಿಕೊಂಡದ್ದು ಅವರಿಗೂ ಗೊತ್ತಿತ್ತು, ನನ್ನ ಪಕ್ಕದಲ್ಲೇ ನಿಂತಿದ್ದವರು. ಅವರೂ ಸೇರಿಸಲಿಲ್ಲ.

ಆರು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಮಳೆಗಾಲದಲ್ಲಿ ಒಂದು ದಿನ ಹೆಡ್ಮಾಸ್ಟ್ರ ಹತ್ತಿರ ಹೋಗಿ, ಆತನ ಹೆಂಡತಿಗೆ ಮಲಯಾಳದಲ್ಲಿ ಒಂದು ಕಾಗದ ಬರೆದುಕೊಡಿ, ಎತ್ತಿ ತೋರಿಸಲು ಹೇಳಿದ್ದು ನಾನು ಎಂದು ಬರೆಯಿರಿ ಎಂದೆ. "ಇದರಿಂದ ಅವಳಿಗೆ ಎಂತ ಸಿಗ್ತದೆ?" ಎಂದು ಕೇಳಿದರು. ಆದರೂ ಬರೆದುಕೊಟ್ಟರು. ವಿಳಾಸವನ್ನು ಆಸ್ಪತ್ರೆಯ ಡಾಕ್ಟರಿಂದ ತರಿಸಿಕೊಂಡೆವು.

ಒಂದೂವರೆ ತಿಂಗಳ ಮೇಲೆ ಯಾರಿಂದಲೋ ಬರೆಸಿದ ಒಂದು ಕಾರ್ಡು ಬಂತು. ಹೆಡ್ಮಾಸ್ಟ್ರು ತರಗತಿಯ ಹೊರಗೆ ನಿಂತು ಓದಿ ಹೇಳಿದರು. ಆ ಕಾರ್ಡಿನಲ್ಲಿದ್ದದ್ದು ಇಷ್ಟೇ: ನಿಮ್ಮ ಕಾಗದ ತಲುಪಿತು. ನನಗೆ ಅದು ಅಂದೇ ಗೊತ್ತಾಗಿತ್ತು, ನಿಮ್ಮ ಮುಖ ನೋಡಿ. ನಮ್ಮ ಮಗಳಿಗೆ ಈಗ ಏಳು ವರ್ಷ, ಓದಲು ಕಲಿಯುತ್ತಿದ್ದಾಳೆ. ಇನ್ನು ಬರೆಯಬೇಡಿ.

ಅವರು ಕಾರ್ಡನ್ನು ನನ್ನ ಕೈಗೆ ಕೊಟ್ಟು ಲೆಕ್ಕದ ತರಗತಿಗೆ ಹೋದರು. ನಾನು ಮತ್ತೆ ಬರೆಯಲಿಲ್ಲ.